ಕ್ಲೇರ್‌ನ ಯಾವ ಊರು? ಚಿನ್ನದ ಸೀಮೆಗೆ ಬಂದ ಐರಿಷ್ ಅಜ್ಜನ ಜಾಡು

ಪ್ರಶ್ನೆ: ನಾನು ತುಮಕೂರಿನವಳು. ಮದುವೆಯಾದಂದಿನಿಂದ ಆಸ್ಟ್ರೇಲಿಯಾದ ಬೆಂಡಿಗೊ ಪಟ್ಟಣದಲ್ಲಿದ್ದೇನೆ. ನನ್ನ ಪತಿಯ ಮುತ್ತಜ್ಜನ ತಂದೆ 1850ರ ದಶಕದಲ್ಲಿ ಚಿನ್ನ ಅಗೆಯಲು ಐರ್ಲೆಂಡಿನಿಂದ ಬಂದವರಂತೆ. ಗಣಿಗಾರರ ಯುರೇಕಾ ದಂಗೆಯಲ್ಲಿ ಅದರ ನಾಯಕ ಪೀಟರ್ ಲಾಲರ್ ಪಕ್ಕದಲ್ಲಿ ನಿಂತು ಹೋರಾಡಿದರು, ಮುಷ್ಟಿಗಾತ್ರದ ಚಿನ್ನದ ಗಟ್ಟಿ ಸಿಕ್ಕಿ ಅದನ್ನು ವಾರದೊಳಗೆ ಕುಡಿದು ಕಳೆದರು ಎಂದು ಮನೆಯಲ್ಲಿ ಹೇಳುತ್ತಾರೆ. ಇಲ್ಲಿನ ಸ್ಮಶಾನದಲ್ಲಿ ಅವರ ಕಲ್ಲಿದೆ. ಅದರ ಮೇಲೆ ಹೆಸರು, 1889, ವಯಸ್ಸು 57, 'ಕ್ಲೇರ್ ಕೌಂಟಿಯವರು' ಎಂದಷ್ಟೇ ಇದೆ. ಬರುವ ವರ್ಷ ಮಗಳನ್ನು ಕರೆದುಕೊಂಡು ಐರ್ಲೆಂಡಿಗೆ ಹೋಗುತ್ತಿದ್ದೇವೆ. ಅವರು ಹುಟ್ಟಿದ ಹಳ್ಳಿಯನ್ನು ಕಂಡುಹಿಡಿಯಬಹುದೇ? ಹಡಗಿನ ಪಟ್ಟಿಗಳಲ್ಲಿ ಅದೇ ಹೆಸರಿನವರು ನಲವತ್ತಕ್ಕೂ ಹೆಚ್ಚು ಜನ ಸಿಕ್ಕಿದ್ದಾರೆ. ನಮ್ಮವರು ಯಾರೋ ತಿಳಿಯುತ್ತಿಲ್ಲ.

ಉತ್ತರ: ಹಡಗಿನ ಪಟ್ಟಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬಹುತೇಕ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ, ಅಲ್ಲಿಯೇ ಹೂತುಹೋಗುತ್ತಾರೆ. ಸ್ವಂತ ಹಣದಲ್ಲಿ ಬಂದವರ ಬಗ್ಗೆ ಆ ಪಟ್ಟಿ ಹೇಳುವುದು ಹೆಸರು, ವಯಸ್ಸು, ಕಸುಬು ಮತ್ತು 'ಐರಿಷ್' ಎಂಬ ಒಂದು ಮಾತು. ತಂದೆ ಯಾರು, ಯಾವ ಊರು ಎಂಬುದು ಅದರಲ್ಲಿಲ್ಲ. 1851ರಲ್ಲಿ ಸುಮಾರು 77,000 ಜನರಿದ್ದ, ಬೆಂಡಿಗೊ ಸೇರಿದ್ದ ವಿಕ್ಟೋರಿಯಾ ವಸಾಹತಿನಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಸುಮಾರು 5,40,000 ಜನರಾಗಿದ್ದರು. ಅಂಥ ನೂಕುನುಗ್ಗಲಿನಲ್ಲಿ ಒಬ್ಬ ಹುಡುಗನನ್ನು ಬಂದರಿನಲ್ಲಿ ನಿಂತು ಗುರುತಿಸುವುದೆಂದರೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಅಂಗಿಯ ಬಣ್ಣ ಗೊತ್ತಿಲ್ಲದೆ ಹುಡುಕಿದಂತೆ. ನೀವು ಬರೆದ ಹೆಸರನ್ನು ಇಲ್ಲಿ ಅಚ್ಚು ಮಾಡುತ್ತಿಲ್ಲ. ಕ್ಲೇರ್‌ನಲ್ಲಿ ಅದು ನಮ್ಮ ಕಡೆಯ ಮಂಜುನಾಥನಷ್ಟು ಸಾಮಾನ್ಯ. ಅವರನ್ನು ಹಿರಿಯಜ್ಜ ಎಂದೇ ಕರೆಯೋಣ.

ನಮ್ಮ ಕೈಯಲ್ಲಿರುವ ಗಟ್ಟಿ ನೆಲ ಒಂದೇ: 1889ರ ಸಾವು. ಅಲ್ಲಿಂದ ಹಿಂದಕ್ಕೆ ನಡೆಯಬೇಕು.

ವಿಕ್ಟೋರಿಯಾದಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1853ರ ಜುಲೈ 1ರಂದು ಶುರುವಾಯಿತು. ಅದನ್ನು ರೂಪಿಸಿದವರಿಗೆ ವಂಶ ಹುಡುಕುವ ನಾವೆಲ್ಲ ಋಣಿಗಳು. ಅದೇ ಕಾಲದ ಇಂಗ್ಲೆಂಡಿನಲ್ಲಿ ವಯಸ್ಕರ ಮರಣಪತ್ರದಲ್ಲಿ ತಂದೆತಾಯಿಯ ಹೆಸರು ಸಿಗುವುದಿಲ್ಲ. ವಿಕ್ಟೋರಿಯಾದ ಮರಣಪತ್ರದಲ್ಲಿ ತಂದೆಯ ಹೆಸರು ಮತ್ತು ಕಸುಬು, ತಾಯಿಯ ಹೆಸರು ಮತ್ತು ತವರಿನ ಕುಲನಾಮ, ಹುಟ್ಟಿದ ಸ್ಥಳ, ಯಾವ ವಸಾಹತಿನಲ್ಲಿ ಎಷ್ಟು ವರ್ಷ ಇದ್ದರು, ಎಲ್ಲಿ, ಯಾವ ವಯಸ್ಸಿನಲ್ಲಿ, ಯಾರನ್ನು ಮದುವೆಯಾದರು, ಮಕ್ಕಳ ಹೆಸರು ಮತ್ತು ವಯಸ್ಸು, ಯಾವ ಕಾಯಿಲೆ, ಯಾವ ವೈದ್ಯ, ಎಲ್ಲಿ ಮಣ್ಣು ಮಾಡಿದರು ಎಂಬುದೆಲ್ಲ ಇರುತ್ತದೆ. ನೋಂದಣಿ ಇಲಾಖೆಯ ಸೂಚಿಯಲ್ಲಿ ಹುಡುಕಿ, ಶುಲ್ಕ ಕಟ್ಟಿ ಪ್ರತಿ ತರಿಸಿಕೊಳ್ಳಿ. ಒಂದು ಎಚ್ಚರಿಕೆ: ಬೆಂಡಿಗೊ ಎಂದು ಹುಡುಕಬೇಡಿ. 1891ರವರೆಗೆ ಆ ಪಟ್ಟಣದ ಅಧಿಕೃತ ಹೆಸರು ಸ್ಯಾಂಡ್‌ಹರ್ಸ್ಟ್. ಜನರ ಬಾಯಲ್ಲಿ ಬೆಂಡಿಗೊ, ಕಾಗದದಲ್ಲಿ ಸ್ಯಾಂಡ್‌ಹರ್ಸ್ಟ್. ಈ ಒಂದು ಸಂಗತಿ ತಿಳಿಯದೆ ತಿಂಗಳುಗಟ್ಟಲೆ ಕಳೆದವರನ್ನು ಕಂಡಿದ್ದೇನೆ.

ಪತ್ರ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು 'ಹುಟ್ಟಿದ ಸ್ಥಳ'ದ ಮೇಲೆ ಬೀಳುತ್ತದೆ. ನೀವು ಮೊದಲು ಮಾಹಿತಿ ಕೊಟ್ಟವರು ಯಾರು ಎಂಬ ಅಂಕಣ ನೋಡಿ. ಅಲ್ಲಿ ಹಿರಿಯ ಮಗನ ಸಹಿ ಇದ್ದರೆ ಅಜ್ಜಿಯ ತವರಿನ ಹೆಸರನ್ನು ಅವನು ತಂದೆಯ ಬಾಯಿಂದಲೇ ಕೇಳಿರಬಹುದು. ಆಸ್ಪತ್ರೆಯ ಗುಮಾಸ್ತನ ಸಹಿ ಇದ್ದರೆ ಅರ್ಧ ಅಂಕಣಗಳಲ್ಲಿ 'ತಿಳಿದಿಲ್ಲ' ಎಂದಿರುತ್ತದೆ, ಉಳಿದರ್ಧ ಊಹೆ. ಕಲ್ಲಿನ ಮೇಲಿನ 57ನ್ನೂ ನಂಬಬೇಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟುಹಬ್ಬ ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದ ಜೂನ್ ತಿಂಗಳಿನಲ್ಲಿ ಬರುವುದಿಲ್ಲವೇ? ಐರಿಷ್ ರೈತರೂ ಹಾಗೆಯೇ. 1827ರಿಂದ 1837ರವರೆಗಿನ ಯಾವ ವರ್ಷಕ್ಕೂ ಬಾಗಿಲು ತೆರೆದಿಟ್ಟುಕೊಳ್ಳಿ.

ನಾನೇ ಒಮ್ಮೆ ಆರು ತಿಂಗಳು ಬೇರೆಯವರ ಅಜ್ಜನ ಹಿಂದೆ ಸುತ್ತಿದ್ದೇನೆ. ಒಂದೇ ಹೆಸರು, ಒಂದೇ ಕೌಂಟಿ, ಹತ್ತಿರದ ವಯಸ್ಸು, ಇಬ್ಬರೂ ಗಣಿಯಾಳುಗಳು, ಇಬ್ಬರೂ ಒಂದೇ ಪಟ್ಟಣದಲ್ಲಿ ಮೂರು ವರ್ಷಗಳ ಅಂತರದಲ್ಲಿ ಸತ್ತವರು. ಒಬ್ಬರ ಮರಣಪತ್ರ ತರಿಸಿ, ಹಣ ಉಳಿಸಲು ಇನ್ನೊಬ್ಬರದನ್ನು ಬಿಟ್ಟಿದ್ದೆ. ಕೊನೆಗೆ ತಾಯಿಯ ತವರಿನ ಹೆಸರು ಹೊಂದದೆ ಇಡೀ ವಂಶವೃಕ್ಷವನ್ನೇ ಹರಿದುಹಾಕಬೇಕಾಯಿತು. ಆದ್ದರಿಂದ 1889ರ ಆಚೀಚೆ ಅದೇ ಹೆಸರಿನವರು ಇನ್ಯಾರಾದರೂ ಸತ್ತಿದ್ದರೆ ಅವರ ಪತ್ರವನ್ನೂ ತರಿಸಿ, ನಿಮ್ಮವರಲ್ಲ ಎಂದು ಖಚಿತಪಡಿಸಿಕೊಳ್ಳಿ.

ಮರಣಪತ್ರ 'ಕ್ಲೇರ್' ಎಂದಷ್ಟೇ ಹೇಳಿ ಸುಮ್ಮನಾದರೆ ನಿರಾಶರಾಗಬೇಡಿ, ಹೆಚ್ಚಾಗಿ ಹಾಗೆಯೇ ಆಗುತ್ತದೆ. ಆಗ ಹಿರಿಯಜ್ಜನನ್ನು ಬಿಟ್ಟು ಅವರ ಸುತ್ತಲಿನವರನ್ನು ಹಿಡಿಯಬೇಕು. ಮೊದಲು ಹೆಂಡತಿ. ಮದುವೆಯ ಪತ್ರದಲ್ಲಿ ಇಬ್ಬರ ಹುಟ್ಟಿದ ಊರು, ಇಬ್ಬರ ತಂದೆತಾಯಿಯರ ಹೆಸರು ಇರುತ್ತದೆ. ಮಾಹಿತಿ ಕೊಟ್ಟವರು ಮದುಮಕ್ಕಳೇ ಆದ್ದರಿಂದ ತೂಕ ಹೆಚ್ಚು. ಐರಿಷ್ ಹೆಣ್ಣುಮಕ್ಕಳಲ್ಲಿ ಅನೇಕರು ಸರ್ಕಾರದ ಸಹಾಯಧನದಲ್ಲಿ ಬಂದವರು, 1839ರಿಂದ 1871ರವರೆಗಿನ ಆ ಪಟ್ಟಿಗಳು ನೀವು ನೋಡಿದ ಪಟ್ಟಿಯಂತಲ್ಲ. ಅವುಗಳಲ್ಲಿ ಕೌಂಟಿ, ಧರ್ಮ, ಓದುಬರಹ ಬರುತ್ತದೆಯೇ ಎಂಬುದು ಇರುತ್ತದೆ, ಕೆಲವೊಮ್ಮೆ ಇಳಿದ ಮೇಲೆ ಯಾರ ಮನೆಗೆ ಹೋದಳು ಎಂಬುದೂ ಇರುತ್ತದೆ. ಅಣ್ಣ ಬಂದು ತಂಗಿಯನ್ನು ಕರೆಸಿಕೊಳ್ಳುವುದು, ತಂಗಿ ಪಕ್ಕದ ಮನೆಯ ಗೆಳತಿಯನ್ನು ಕರೆಸಿಕೊಳ್ಳುವುದು, ಹೀಗೆ ಒಂದೇ ಊರಿನ ಅರ್ಧ ಜನ ಹತ್ತು ವರ್ಷಗಳಲ್ಲಿ ಒಂದೇ ಗಣಿಪಟ್ಟಣಕ್ಕೆ ಬಂದು ಸೇರುತ್ತಿದ್ದರು. ಕ್ಲೇರ್‌ನವನು ಕ್ಲೇರ್‌ನವಳನ್ನೇ ಮದುವೆಯಾದದ್ದು ಆಕಸ್ಮಿಕವಲ್ಲ. ಹೆಂಡತಿಯ ಊರು ಸಿಕ್ಕರೆ ಗಂಡನ ಊರು ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿರುವ ಸಾಧ್ಯತೆ ಸಾಕಷ್ಟಿದೆ.

ಆಮೇಲೆ ಮಕ್ಕಳು. ನಿಮ್ಮ ಪತಿಯ ಮುತ್ತಜ್ಜ ಒಬ್ಬರದಲ್ಲ, ಎಲ್ಲ ಮಕ್ಕಳ ಜನನಪತ್ರವನ್ನೂ ತರಿಸಿ. ಖರ್ಚು ಹೆಚ್ಚೆನ್ನಿಸುತ್ತದೆ, ನಿಜ. ಆದರೆ ಪ್ರತಿ ಪತ್ರದಲ್ಲೂ ತಂದೆತಾಯಿಯ ಹುಟ್ಟೂರಿನ ಅಂಕಣವಿದೆ, ಪ್ರತಿ ಸಲವೂ ಬರೆದ ರಿಜಿಸ್ಟ್ರಾರ್ ಬೇರೆ, ಹೇಳಿದವರೂ ಬೇರೆ. ಐದು ಪತ್ರಗಳಲ್ಲಿ 'ಕ್ಲೇರ್' ಎಂದಿದ್ದು ಆರನೆಯದರಲ್ಲಿ 'ಕ್ವಿನ್, ಕ್ಲೇರ್' ಎಂದು ಬರುವುದುಂಟು. ಆ ಒಂದು ಪದಕ್ಕಾಗಿ ಉಳಿದ ಐದರ ದುಡ್ಡು ಕೊಡುವುದು ತಪ್ಪಲ್ಲ. ಹಾಗೆಯೇ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಬೆಂಡಿಗೊದ ಕ್ಯಾಥೊಲಿಕರಿಗೆಲ್ಲ ಸೇಂಟ್ ಕಿಲಿಯನ್ ಚರ್ಚು, ಅಲ್ಲಿ 1852ರಿಂದ ದಶಕಗಳ ಕಾಲ ಡಾ. ಹೆನ್ರಿ ಬ್ಯಾಕ್‌ಹೌಸ್ ಎಂಬ ಜರ್ಮನ್ ಪಾದ್ರಿ ಇದ್ದರು. ಆಸ್ಟ್ರೇಲಿಯಾಕ್ಕೆ ಬರುವ ಮೊದಲು ಕಲ್ಕತ್ತೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವರು ಅವರು. ಆ ಪುಸ್ತಕದಲ್ಲಿ ನೀವು ನೋಡಬೇಕಾದದ್ದು ಮಗುವಿನ ಹೆಸರಿಗಿಂತ ಧರ್ಮಪಿತ, ಧರ್ಮಮಾತೆಯರ ಹೆಸರು. ಸಾಮಾನ್ಯವಾಗಿ ಅವರು ಸೋದರಮಾವ, ಚಿಕ್ಕಮ್ಮ, ಇಲ್ಲವೇ ಊರಿನ ನೆರೆಯವರು. ಆ ಅಪರೂಪದ ಹೆಸರುಗಳನ್ನು ಕ್ಲೇರ್‌ನ ದಾಖಲೆಗಳಲ್ಲಿ ಹುಡುಕಿದರೆ ಅದರ ಪಕ್ಕದಲ್ಲಿ ಹಿರಿಯಜ್ಜನ ಮನೆ ಕಾಣಬಹುದು.

ಈಗ ಯುರೇಕಾ. ಚಿನ್ನದ ಸೀಮೆಯ ಐರಿಷ್ ವಂಶಸ್ಥರಲ್ಲಿ ಅಜ್ಜ ಯುರೇಕಾದಲ್ಲಿ ಇರಲಿಲ್ಲ ಎಂದು ಒಪ್ಪಿಕೊಳ್ಳುವವರು ಕಡಿಮೆ. ಎಲ್ಲರ ಅಜ್ಜಂದಿರನ್ನೂ ಸೇರಿಸಿದ್ದರೆ ಆ ದಿನ ಸರ್ಕಾರದ ಸೈನ್ಯವೇ ಓಡಿಹೋಗಬೇಕಿತ್ತು. ನಡೆದದ್ದು ಇಷ್ಟು. ಚಿನ್ನ ಸಿಗಲಿ ಬಿಡಲಿ, ಅಗೆಯುವ ಪ್ರತಿಯೊಬ್ಬನೂ ತಿಂಗಳಿಗೆ ಮೊದಲು 30 ಶಿಲಿಂಗ್, ದಂಗೆಯ ಹೊತ್ತಿಗೆ ಒಂದು ಪೌಂಡ್ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಪೊಲೀಸರು ಆಗಾಗ ಮುತ್ತಿಗೆ ಹಾಕಿ, ಪರವಾನಗಿ ಇಲ್ಲದವರನ್ನು ಎಳೆದೊಯ್ಯುತ್ತಿದ್ದರು. ಬ್ಯಾಲರಾಟ್‌ನಲ್ಲಿ 1854ರ ಅಕ್ಟೋಬರ್‌ನಲ್ಲಿ ಜೇಮ್ಸ್ ಸ್ಕೋಬಿ ಎಂಬ ಗಣಿಗಾರನ ಕೊಲೆಯಾಯಿತು, ಆರೋಪ ಹೊತ್ತ ಹೋಟೆಲ್ ಮಾಲೀಕನನ್ನು ಬಿಟ್ಟುಬಿಟ್ಟದ್ದಕ್ಕೆ ಜನ ಹೋಟೆಲಿಗೇ ಬೆಂಕಿ ಹಚ್ಚಿದರು. ನವೆಂಬರ್ ಕೊನೆಗೆ ಬೇಕರಿ ಹಿಲ್ ಮೇಲೆ ಸದರ್ನ್ ಕ್ರಾಸ್ ಬಾವುಟ ಏರಿತು. ಅಲ್ಲಿನ ಯುರೇಕಾ ಎಂಬ ಗಣಿ ಪ್ರದೇಶದಲ್ಲಿ ಮರದ ದಿಮ್ಮಿಗಳ ಕೋಟೆ ಕಟ್ಟಿ, ಐರ್ಲೆಂಡಿನ 1798ರ ದಂಗೆಯ ನೆನಪಿನಲ್ಲಿ 'ವಿನೆಗರ್ ಹಿಲ್' ಎಂಬ ಗುಟ್ಟಿನ ಮಾತನ್ನು ಇಟ್ಟುಕೊಂಡರು. ಡಿಸೆಂಬರ್ 3, ಭಾನುವಾರ ನಸುಕಿನಲ್ಲಿ ಸೈನಿಕರು ನುಗ್ಗಿದರು. ಶನಿವಾರ ರಾತ್ರಿಯೇ ಬಹುಪಾಲು ಜನ ತಮ್ಮ ಗುಡಾರಗಳಿಗೆ ಹೋಗಿದ್ದರಿಂದ ಒಳಗೆ ಉಳಿದವರು ಸುಮಾರು 120. ಕಾದಾಟ ಮುಗಿಯಲು ಕಾಲು ಗಂಟೆ ಸಾಕಾಯಿತು. ಕನಿಷ್ಠ 22 ಗಣಿಗಾರರು ಸತ್ತರು, ನೂರಕ್ಕೂ ಹೆಚ್ಚು ಜನ ಸೆರೆಯಾದರು, ರಾಜದ್ರೋಹದ ವಿಚಾರಣೆಗೆ ನಿಂತ 13 ಜನರನ್ನೂ 1855ರಲ್ಲಿ ಜ್ಯೂರಿ ಖುಲಾಸೆ ಮಾಡಿತು. ಎಡಗೈ ಕಳೆದುಕೊಂಡ ಲಾಲರ್ ಅಡಗಿದ್ದು, ಮುಂದೆ ಶಾಸಕರಾಗಿ, ವಿಧಾನಸಭೆಯ ಸ್ಪೀಕರ್ ಕೂಡ ಆದರು.

ಹಿರಿಯಜ್ಜ ಅಲ್ಲಿದ್ದರೇ ಎಂದು ಪರೀಕ್ಷಿಸಲು ಎರಡು ದಾರಿಗಳಿವೆ. ಮರಣಪತ್ರದಲ್ಲಿ ವಿಕ್ಟೋರಿಯಾದಲ್ಲಿದ್ದ ವರ್ಷ 34 ಎಂದಿದ್ದರೆ ಕಥೆ ಕುಂಟತೊಡಗುತ್ತದೆ: 1889ರಲ್ಲಿ 34 ಕಳೆದರೆ 1855. ಇನ್ನೊಂದು ಪತ್ರಿಕೆಗಳು. ಲಾಲರ್ 1855ರಲ್ಲಿ ಪತ್ರಿಕೆಗೆ ಬರೆದ ಹೇಳಿಕೆಯಲ್ಲಿ ಸತ್ತವರ, ಗಾಯಗೊಂಡವರ ಹೆಸರಿನ ಜತೆ ಸ್ಥಳವೂ ಇದೆ, ಕ್ಲೇರ್‌ನವರೂ ಅದರಲ್ಲಿದ್ದಾರೆ. ಲಾಲರ್ ತೀರಿಕೊಂಡದ್ದು 1889ರ ಫೆಬ್ರವರಿಯಲ್ಲಿ, ಅಂದರೆ ನಿಮ್ಮ ಹಿರಿಯಜ್ಜ ಹೋದ ವರ್ಷವೇ. ಹಿರಿಯಜ್ಜನ ಸಾವಿನ ಸುದ್ದಿಯಲ್ಲಿ, ಅವರನ್ನು ಬಲ್ಲವರು ಇನ್ನೂ ಬದುಕಿದ್ದಾಗ, ಯುರೇಕಾದ ಮಾತು ಅಚ್ಚಾಗಿದ್ದರೆ ಅದಕ್ಕೆ ಬೆಲೆಯಿದೆ. ಆಗ ಇಲ್ಲದ ಮಾತು ಮೊಮ್ಮಕ್ಕಳ ಕಾಲದಲ್ಲಿ ಹುಟ್ಟಿದ್ದರೆ ಬೆಲೆಯಿಲ್ಲ. ನನ್ನ ಅನುಮಾನ ಬೇರೆಯೇ. ಬೆಂಡಿಗೊದಿಂದ ಬ್ಯಾಲರಾಟ್ ನೂರು ಕಿಲೋಮೀಟರಿಗೂ ದೂರ. ಬೆಂಡಿಗೊಗೆ ತನ್ನದೇ ಚಳವಳಿ ಇತ್ತು. 1853ರಲ್ಲಿ ಅದೇ ಪರವಾನಗಿ ಶುಲ್ಕದ ವಿರುದ್ಧ ಜನ ಟೋಪಿಗೆ ಕೆಂಪು ರಿಬ್ಬನ್ ಕಟ್ಟಿ ಓಡಾಡಿದರು, ಐದು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯನ್ನು ಗವರ್ನರ್ ಲಾ ಟ್ರೋಬ್‌ಗೆ ಕೊಟ್ಟರು. ಸುಮಾರು 13 ಮೀಟರ್ ಉದ್ದದ ಆ ಮನವಿ ಮೆಲ್ಬರ್ನ್‌ನ ರಾಜ್ಯ ಗ್ರಂಥಾಲಯದಲ್ಲಿ ಉಳಿದಿದೆ. ಹಿರಿಯಜ್ಜ ಅಷ್ಟು ಬೇಗ ಬಂದಿದ್ದರೆ ಅವರ ಹೆಸರನ್ನು ಮೊದಲು ಅಲ್ಲಿ ನೋಡುತ್ತೇನೆ. 'ಪರವಾನಗಿ ವಿರುದ್ಧ ನಿಂತಿದ್ದರು' ಎಂಬ ನಿಜ, ಎರಡು ತಲೆಮಾರು ದಾಟುವಾಗ, 'ಯುರೇಕಾದಲ್ಲಿ ನಿಂತಿದ್ದರು' ಎಂದಾಗುವುದು ಕಷ್ಟವೇನಲ್ಲ.

ಪರವಾನಗಿಗಳ ಪಟ್ಟಿ ನೋಡಬಹುದಲ್ಲ ಎಂದು ಕೇಳುತ್ತೀರಿ. ಅವು ಬಹುತೇಕ ಉಳಿದಿಲ್ಲ. ವಿಕ್ಟೋರಿಯಾದ ಜನಗಣತಿಯ ಮನೆವಾರು ಹಾಳೆಗಳನ್ನೂ ಸರ್ಕಾರವೇ ನಾಶಮಾಡಿತು. ಹೀಗಾಗಿ ಬಡ ಗಣಿಗಾರನೊಬ್ಬ ಕಾಗದಕ್ಕೆ ಇಳಿಯುವುದು ಬಿದ್ದಾಗ, ಸಿಕ್ಕಿಬಿದ್ದಾಗ, ಇಲ್ಲವೇ ಭೂಮಿ ಕೇಳಿದಾಗ. ಮೂರಕ್ಕೂ ಉತ್ತರ ಮೆಲ್ಬರ್ನ್‌ನ ಉತ್ತರ ಭಾಗದಲ್ಲಿರುವ ವಿಕ್ಟೋರಿಯಾದ ಸಾರ್ವಜನಿಕ ದಾಖಲೆ ಕಚೇರಿಯಲ್ಲಿದೆ, ಬಹಳಷ್ಟು ಈಗ ಮನೆಯಿಂದಲೇ ಉಚಿತವಾಗಿ ನೋಡಬಹುದು.

ಬಿದ್ದಾಗ ಎಂದೆ. ಗಣಿ ಕುಸಿದು, ಬಾವಿಯಂಥ ಗುಂಡಿಗೆ ಜಾರಿ, ಗುಡಾರದಲ್ಲಿ ಒಬ್ಬಂಟಿಯಾಗಿ ಸತ್ತವರ ಬಗ್ಗೆ ಮರಣ ವಿಚಾರಣೆ ನಡೆಯುತ್ತಿತ್ತು. ಜತೆಗಾರರ ಹೇಳಿಕೆಗಳು ಸಹಿ ಸಮೇತ, ಬಹಳ ಸಲ ಸಹಿಯ ಬದಲು ಒಂದು ಗುಣಾಕಾರದ ಗುರುತಿನ ಸಮೇತ, ಉಳಿದಿವೆ. ಹಿರಿಯಜ್ಜ ಹಾಸಿಗೆಯಲ್ಲೇ ಸತ್ತಿರಬಹುದು, ಆದರೆ ಅವರು ಗೆಳೆಯನ ಸಾವಿಗೆ ಸಾಕ್ಷಿ ಹೇಳಿರಬಹುದು. ಅವರ ಕಾಯಿಲೆಯ ಅಂಕಣವನ್ನೂ ಗಮನಿಸಿ. ಮೇಲ್ಮಣ್ಣಿನ ಚಿನ್ನ ಮುಗಿದ ಮೇಲೆ ಬೆಂಡಿಗೊದಲ್ಲಿ ಉಳಿದದ್ದು ಬಿಳಿಕಲ್ಲಿನ ಆಳದ ಗಣಿಗಳು, ಸ್ವತಂತ್ರ ಅಗೆತಗಾರರೆಲ್ಲ ಕಂಪನಿಯ ಕೂಲಿಗಳಾದರು. ಕಲ್ಲಿನ ದೂಳು ಶ್ವಾಸಕೋಶ ಸೇರಿ ಐವತ್ತರ ಆಸುಪಾಸಿನಲ್ಲಿ ಕೆಮ್ಮಿ ಕೆಮ್ಮಿ ಸತ್ತವರಿಗೆ ಲೆಕ್ಕವಿಲ್ಲ. ಪತ್ರದಲ್ಲಿ 'ಕ್ಷಯ' ಎಂದಿದ್ದರೂ ಅದು ಗಣಿಯ ದೂಳೇ ಇರಬಹುದು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿಕ್ಕಿಬಿದ್ದಾಗ ಎಂಬುದಕ್ಕೆ ನಿಮ್ಮ ಮನೆಯ ಎರಡನೆಯ ಕಥೆ ಸಂಬಂಧಿಸಿದೆ. ಒಂದು ವಾರ ಕುಡಿದವರು ಒಂದು ರಾತ್ರಿಯಾದರೂ ಲಾಕಪ್ಪಿನಲ್ಲಿ ಕಳೆದಿರುತ್ತಾರೆ. ಜೈಲು ಸೇರಿದ್ದರೆ ನಿಮ್ಮ ಅದೃಷ್ಟವೆಂದೇ ಹೇಳುತ್ತೇನೆ, ಬೇಸರಿಸಬೇಡಿ. ಜೈಲಿನ ಪುಸ್ತಕದಲ್ಲಿ ಎತ್ತರ, ಕಣ್ಣಿನ ಬಣ್ಣ, ಗಾಯದ ಗುರುತು, ಹುಟ್ಟಿದ ಸ್ಥಳ, ಬಂದ ವರ್ಷ, ಕೊನೆಗೆ ಹಡಗಿನ ಹೆಸರು ಕೂಡ ಇರುತ್ತದೆ. ಈಗ ನೋಡಿ, ನಿಮ್ಮ ನಲವತ್ತು ಜನ ಒಂದೇ ಕ್ಷಣದಲ್ಲಿ ಒಬ್ಬರಾಗುತ್ತಾರೆ. ಚಿನ್ನದ ಗಟ್ಟಿಯ ವಿಷಯಕ್ಕೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ನಡೆಸುವ ಟ್ರೋವ್ ತಾಣದಲ್ಲಿ ಬೆಂಡಿಗೊ ಅಡ್ವರ್ಟೈಸರ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ. ದೊಡ್ಡ ಗಟ್ಟಿ ಸಿಕ್ಕರೆ ತೂಕದ ಸಮೇತ ಸುದ್ದಿಯಾಗುತ್ತಿತ್ತು. ಹೆಸರು ಹಾಕಿ ಹುಡುಕಿದರೆ ಸಾಲದು. ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಅಕ್ಷರಗಳು ಕಲಸಿರುತ್ತವೆ. ಬೀದಿಯ ಹೆಸರು, ಕಣಿವೆಯ ಹೆಸರು, ಗಣಿ ಕಂಪನಿಯ ಹೆಸರು, ಹೋಟೆಲಿನ ಹೆಸರು ಹಾಕಿ ನೋಡಿ.

ಭೂಮಿಯ ಕಡತಗಳೇ ನನಗೆ ಅತ್ಯಂತ ಇಷ್ಟ. 1860ರ ದಶಕದ ಕಾಯ್ದೆಗಳಿಂದ ಸಾಮಾನ್ಯರಿಗೂ ಸರ್ಕಾರಿ ಭೂಮಿ ಸಿಗತೊಡಗಿತು. 1862ರ ಕಾಯ್ದೆಯನ್ನು ಜನ ಅದನ್ನು ತಂದ ಮಂತ್ರಿ ಚಾರ್ಲ್ಸ್ ಗೇವನ್ ಡಫಿ ಅವರ ಹೆಸರಿನಲ್ಲೇ ಕರೆಯುತ್ತಿದ್ದರು, ಅವರೂ ಐರ್ಲೆಂಡಿನ ಮೊನಹನ್ ಕೌಂಟಿಯವರು. 1869ರ ಕಾಯ್ದೆಯಲ್ಲಿ 320 ಎಕರೆವರೆಗೆ ಕೇಳಬಹುದಿತ್ತು. ಊರಿನಲ್ಲಿ ಜಮೀನ್ದಾರನ ಗೇಣಿದಾರನಾಗಿ, 1840ರ ದಶಕದ ಐರಿಷ್ ಕ್ಷಾಮದಲ್ಲಿ ಅದನ್ನೂ ಕಳೆದುಕೊಂಡವನ ಮಗನಿಗೆ ಚಿನ್ನಕ್ಕಿಂತ ಇದು ದೊಡ್ಡ ಆಸೆ. ಅರ್ಜಿ, ಬೇಲಿ ಎಷ್ಟು ಹಾಕಿದೆ, ಗುಡಿಸಲಿಗೆ ತೊಗಟೆಯೋ ಹಲಗೆಯೋ, ಬೆಳೆ ಏನು, ಕಂತು ಏಕೆ ತಪ್ಪಿತು ಎಂದು ಗೋಗರೆಯುವ ಪತ್ರಗಳು, ಎಲ್ಲ ಅದರಲ್ಲಿರುತ್ತವೆ. ಹಿರಿಯಜ್ಜನ ದನಿ ಎಲ್ಲಾದರೂ ಕೇಳಿಸುವುದಿದ್ದರೆ ಅಲ್ಲಿಯೇ.

ಮಕ್ಕಳ ಹುಟ್ಟಿದ ವರ್ಷಗಳನ್ನು ಸಾಲಾಗಿ ಬರೆದುಕೊಳ್ಳಿ. ಎರಡು ವರ್ಷಕ್ಕೊಂದು ಮಗು ಹುಟ್ಟುತ್ತಿದ್ದ ಮನೆಯಲ್ಲಿ 1861ರಿಂದ 1866ರವರೆಗೆ ಖಾಲಿ ಇದ್ದರೆ ಗಂಡ ನ್ಯೂಜಿಲೆಂಡಿನಲ್ಲಿದ್ದ ಎಂದು ಮೊದಲು ಶಂಕಿಸಿ. 1861ರಲ್ಲಿ ಒಟಾಗೊದ ಗೇಬ್ರಿಯಲ್ಸ್ ಗಲ್ಲಿ ಎಂಬ ಕಮರಿಯಲ್ಲಿ ಚಿನ್ನ ಸಿಕ್ಕಾಗ ವಿಕ್ಟೋರಿಯಾದಿಂದ ಸಾವಿರಾರು ಜನ ಹಡಗು ಹತ್ತಿದರು, 1865ರ ಹೊತ್ತಿಗೆ ಗುಂಪು ಹೊಕಿಟಿಕಾಗೆ ತಿರುಗಿತ್ತು. ಮೆಲ್ಬರ್ನ್‌ನಿಂದ ಹೊರಟವರ ಪಟ್ಟಿಯೂ 1852ರಿಂದ ಇದೆ. ಅಲ್ಲಿನ ಪತ್ರಿಕೆಗಳು ಪೇಪರ್ಸ್ ಪಾಸ್ಟ್ ಎಂಬ ತಾಣದಲ್ಲಿವೆ. ಚಿನ್ನದ ಹುಚ್ಚು ಹಿಡಿದವರು ಒಂದೆಡೆ ನಿಲ್ಲುತ್ತಿರಲಿಲ್ಲ. ಕ್ಲೇರ್‌ನ ಕ್ವಿನ್‌ನಲ್ಲಿ ಹುಟ್ಟಿದ ಪ್ಯಾಡಿ ಹ್ಯಾನನ್ ವಿಕ್ಟೋರಿಯಾಕ್ಕೆ ಬಂದು, ಊರೂರು ಅಲೆದು, ಐವತ್ತು ದಾಟಿದ ಮೇಲೆ 1893ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿ ಚಿನ್ನ ಕಂಡರು. ನ್ಯೂಜಿಲೆಂಡಿನಲ್ಲಿ ಸೈನಿಕರಾಗಿದ್ದ ಇನ್ನೊಬ್ಬ ಐರಿಷರು ನಮ್ಮ ಬೆಂಗಳೂರಿಗೇ ಬಂದು ನೆಲೆಸಿ, ಕಮಿಷನರ್ ಆಳ್ವಿಕೆಯಲ್ಲಿದ್ದ ಮೈಸೂರು ಸರ್ಕಾರಕ್ಕೆ 1873ರಲ್ಲಿ ಕೋಲಾರದಲ್ಲಿ ಅಗೆಯಲು ಅರ್ಜಿ ಹಾಕಿದರು. ಅವರು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್. ಬೆಂಗಳೂರಿನ ಲವೆಲ್ ರಸ್ತೆಯಲ್ಲಿ ಊಟಕ್ಕೆ ಹೋಗುವಾಗ ಮಗಳಿಗೆ ಹೇಳಬಹುದು.

ಇನ್ನು ಐರ್ಲೆಂಡ್. ಕೌಂಟಿ ನಮ್ಮ ಜಿಲ್ಲೆಯಿದ್ದಂತೆ. ನಿಮಗೆ ಬೇಕಾದದ್ದು ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದ್ದರೂ ಪಟ್ಟಣವಲ್ಲ, ನಮ್ಮ ಕಂದಾಯ ಲೆಕ್ಕದ ಮಜರೆ ಗ್ರಾಮದಂಥದ್ದು. ದೇಶದಲ್ಲಿ ಅಂಥವು ಅರವತ್ತು ಸಾವಿರಕ್ಕೂ ಹೆಚ್ಚಿವೆ. ನಮ್ಮಲ್ಲಿ ಊರಿನ ಹೆಸರು ಇನಿಶಿಯಲ್ ಆಗಿ ಹೆಸರಿನ ಮುಂದೆಯೇ ಕೂರುತ್ತದೆ, ಅವರಿಗೆ ಆ ಭಾಗ್ಯವಿಲ್ಲ. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭವನ ಸಿಡಿದು ಹೊತ್ತಿಕೊಂಡಾಗ 1821ರಿಂದ 1851ರವರೆಗಿನ ಜನಗಣತಿಗಳು ಕೆಲವು ಚೂರುಗಳನ್ನು ಬಿಟ್ಟು ಬೂದಿಯಾದವು. 1861ರಿಂದ 1891ರವರೆಗಿನವನ್ನು ಸರ್ಕಾರ ಮೊದಲೇ ನಾಶಮಾಡಿತ್ತು. ಸರ್ಕಾರಿ ಜನನ ನೋಂದಣಿ ಅಲ್ಲಿ ಶುರುವಾದದ್ದೇ 1864ರಲ್ಲಿ, ಹಿರಿಯಜ್ಜ ಹೊರಟು ಹೋದ ಮೇಲೆ.

ಹಾಗಾಗಿ ಉಳಿದಿರುವುದು ಎರಡೇ ಊರುಗೋಲು. ಒಂದು ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆಗಳ ದಾಖಲೆ. 1880ರವರೆಗಿನವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ಅಂತರ್ಜಾಲಕ್ಕೆ ಹಾಕಿದೆ. ಕೈಬರಹ ಕೆಟ್ಟದ್ದು, ಭಾಷೆ ಹಲವೆಡೆ ಲ್ಯಾಟಿನ್: ಜೇಮ್ಸ್ 'ಯಾಕೊಬುಸ್' ಆಗಿರುತ್ತಾನೆ. ಮನೆಮಾತಿನ ಹೆಸರುಗಳು ಇನ್ನೊಂದು ಗೋಜಲು. ಜೆರೆಮಯ ಎಂಬುವನೇ ಡಾರ್ಬಿ, ತಿಮೊಥಿಯೇ ಥೇಡಿ, ಬ್ರಿಜೆಟ್ಟೇ ಬಿಡ್ಡಿ ಮತ್ತು ಡೀಲಿಯ, ಹೊನೋರಾಳೇ ನೋರಾ. ಕುಲನಾಮದ ಮುಂದಿನ 'ಓ' ಬರುತ್ತದೆ, ಹೋಗುತ್ತದೆ. ಓ'ಬ್ರಯನ್‌ಗಳನ್ನು ಬ್ರಯನ್ ಎಂದೂ ಹುಡುಕಬೇಕು. ಕ್ಲೇರ್‌ನ ಹಲವು ಪ್ಯಾರಿಷ್‌ಗಳಲ್ಲಿ 1832ರಷ್ಟು ಹಿಂದಿನ ಪುಸ್ತಕವೇ ಇಲ್ಲ. ಆಗ ಹಿರಿಯಜ್ಜನ ಕಿರಿಯ ತಮ್ಮತಂಗಿಯರನ್ನು ಹುಡುಕಬೇಕಾಗುತ್ತದೆ. ಇಲ್ಲಿ ನಮಗೆ ಪರಿಚಿತವಾದ ಒಂದು ಸಂಪ್ರದಾಯ ಕೈಹಿಡಿಯುತ್ತದೆ. ಐರಿಷರೂ ಮೊದಲ ಮಗನಿಗೆ ತಂದೆಯ ತಂದೆಯ ಹೆಸರನ್ನು, ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನು ಇಡುತ್ತಿದ್ದರು. ಬೆಂಡಿಗೊದಲ್ಲಿ ಹುಟ್ಟಿದ ಹಿರಿಯ ಮಗನ ಹೆಸರು ಮರಣಪತ್ರದ ತಂದೆಯ ಹೆಸರಿಗೆ ಹೊಂದಿದರೆ ನೀವು ಸರಿದಾರಿಯಲ್ಲಿದ್ದೀರಿ.

ಎರಡನೆಯದು ಗ್ರಿಫಿತ್ ಮೌಲ್ಯಮಾಪನ. 1847ರಿಂದ 1864ರ ನಡುವೆ ಇಡೀ ಐರ್ಲೆಂಡಿನ ಜಮೀನು, ಮನೆಗಳನ್ನು ತೆರಿಗೆಗಾಗಿ ಅಳೆದ ಪಟ್ಟಿ ಇದು. ಟೌನ್‌ಲ್ಯಾಂಡ್‌ವಾರು ಅನುಭವದಾರನ ಹೆಸರು, ಜಮೀನ್ದಾರನ ಹೆಸರು, ವಿಸ್ತೀರ್ಣ ಇದರಲ್ಲಿದೆ, ನಕ್ಷೆಯೂ ಇದೆ. ನಮ್ಮ ಪಹಣಿ ಓದಿದವರಿಗೆ ಇದು ಸುಲಭ. ಕ್ಲೇರ್‌ನ ಭಾಗ ಪ್ರಕಟವಾದದ್ದು 1855ರ ಸುಮಾರಿಗೆ, ಆಗ ಹಿರಿಯಜ್ಜ ಹೊರಟಿದ್ದರೂ ತಂದೆಯೋ ವಿಧವೆ ತಾಯಿಯೋ ಅಲ್ಲೇ ಇದ್ದಿರಬಹುದು. ಗಂಡ, ಹೆಂಡತಿ, ಧರ್ಮಪಿತರು, ಈ ಮೂರು ಕುಲನಾಮಗಳು ಒಟ್ಟಿಗೆ ಸಿಗುವ ಪ್ಯಾರಿಷ್ ಯಾವುದೆಂದು ನೋಡಿ. ಮುಂದೆ ಆ ತುಂಡು ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಡಬ್ಲಿನ್‌ನಲ್ಲಿ ತಿದ್ದುಪಡಿ ಪುಸ್ತಕಗಳಿವೆ, ನಮ್ಮ ಮ್ಯುಟೇಶನ್ ರಿಜಿಸ್ಟರ್ ತರಹ. 1901ರ ಮತ್ತು 1911ರ ಜನಗಣತಿ ಪೂರ್ತಿ ಉಳಿದು ಉಚಿತವಾಗಿ ಸಿಗುತ್ತದೆ. ಅಲ್ಲಿ ಹಿರಿಯಜ್ಜನ ತಮ್ಮನ ಮಕ್ಕಳು ಇರಬಹುದು. ಆದರೆ ಕ್ಷಾಮದ ವರ್ಷಗಳಲ್ಲಿ ಕ್ಲೇರ್‌ನ ಕಿಲ್‌ರಷ್ ಸೀಮೆಯಲ್ಲಿ ಸಾವಿರಾರು ಜನರನ್ನು ಮನೆಯಿಂದ ಹೊರಹಾಕಿ ಗುಡಿಸಲು ಕೆಡವಿದರು. ಹಿರಿಯಜ್ಜ ಅಲ್ಲಿನವರಾಗಿದ್ದರೆ ಗ್ರಿಫಿತ್ ಪಟ್ಟಿಯಲ್ಲಿ ಕುಟುಂಬವೇ ಕಾಣದಿರುವ ಸಾಧ್ಯತೆಗೆ ಮನಸ್ಸು ಸಿದ್ಧವಿರಲಿ.

ಡಿಎನ್ಎ ಪರೀಕ್ಷೆ ಮಾಡಿಸುವುದಿದ್ದರೆ ಮಗಳದಲ್ಲ, ಪತಿಯದೂ ಅಲ್ಲ. ನಿಮ್ಮ ಮಾವನವರದು, ಅವರಿಗೆ ಅಕ್ಕ ಇದ್ದರೆ ಅವರದೂ ಸೇರಿಸಿ. ಒಂದೊಂದು ತಲೆಮಾರಿಗೂ ಕ್ಲೇರ್‌ನ ಪಾಲು ಅರ್ಧಕ್ಕೆ ಇಳಿಯುತ್ತದೆ. ಹೊಂದಿಕೆಯಾಗುವ ದೂರದ ದಾಯಾದಿಗಳು ಬಾಸ್ಟನ್‌ನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಒಬ್ಬ ಅಣ್ಣ ಪೂರ್ವಕ್ಕೆ, ಒಬ್ಬ ತಮ್ಮ ಪಶ್ಚಿಮಕ್ಕೆ ಹಡಗು ಹತ್ತಿದ ಮನೆಗಳು ಬೇಕಾದಷ್ಟಿದ್ದವು. ಅವರ ಮನೆಯಲ್ಲಿ ಊರಿನ ಹೆಸರು ಉಳಿದಿರಬಹುದು.

ಹೊರಡುವ ಮೊದಲು ಎನಿಸ್ ಪಟ್ಟಣದಲ್ಲಿರುವ ಕ್ಲೇರ್ ಕೌಂಟಿ ಗ್ರಂಥಾಲಯದ ತಾಣವನ್ನು ಒಂದು ವಾರ ಕೂತು ಓದಿ. ಗ್ರಿಫಿತ್ ಪಟ್ಟಿಯಿಂದ ಹಿಡಿದು ಸ್ಮಶಾನದ ಕಲ್ಲುಗಳವರೆಗೆ ಸ್ಥಳೀಯರು ಅಕ್ಷರಕ್ಕಿಳಿಸಿ ಇಟ್ಟಿದ್ದಾರೆ. ಗ್ರಿಫಿತ್ ನಕ್ಷೆಯ ಪ್ರತಿ ಜತೆಗಿರಲಿ. ಟೌನ್‌ಲ್ಯಾಂಡ್ ತಲುಪಿದಾಗ ಅದು ನಮ್ಮ ಭಾಷೆಯಲ್ಲಿ ಹೇಳುವ ಬೇಚರಾಕ್ ಗ್ರಾಮವಾಗಿರಬಹುದು: ಮೊಣಕಾಲೆತ್ತರದ ಕಲ್ಲಿನ ಗೋಡೆ, ಮುಳ್ಳುಪೊದೆ, ಮೇಯುವ ಹಸು. ಹತ್ತಿರದ ಮನೆಯ ಬಾಗಿಲು ತಟ್ಟಿ. ಅಲ್ಲಿ ಒಂದೇ ಕುಲನಾಮದ ಮನೆಗಳು ಹಲವಿದ್ದರೆ ಒಂದೊಂದಕ್ಕೂ ಒಂದು ಅಡ್ಡಹೆಸರಿರುತ್ತದೆ, ಅಜ್ಜನ ಹೆಸರಿನದೋ ಕೂದಲಿನ ಬಣ್ಣದ್ದೋ. ಹಿರಿಯಜ್ಜನ ಹೆಸರು ಹೇಳಿದರೆ ಅವರು ಮೊದಲು ಕೇಳುವುದು ನಮ್ಮ ಹಳ್ಳಿಯವರು ಕೇಳುವುದನ್ನೇ, ಯಾವ ಮನೆಯವರು ಎಂದು. ಅದಕ್ಕೆ ಹೇಳಲು ಹಿರಿಯಜ್ಜನ ತಂದೆಯ ಹೆಸರು ಮತ್ತು ತಾಯಿಯ ತವರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟಿರಿ.